ಖಾಲಿ ಕೋಣೆಯ ಮೌನ

ಸಮಯ: ಬೆಳಗಿನ ಎಂಟು ಗಂಟೆ. ಹವೆ: ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಹಾಜರಿದ್ದವರು: ಗುರು ನಾಗಭೂಷಣಯ್ಯನವರು, ಶಿಷ್ಯ ಚಿದಂಬರ, ಹೊರಗಿನಿಂದ ಬಂದಿದ್ದ ಓಬಳಪ್ಪನವರು ಮತ್ತು ಅವರ ಮಗಳು ಮಾರಕ್ಕ.

ಸ್ಥಳ ಹೊಳೆಯ ದಂಡೆಯ ಒಂದು ಹಳೆಯ ಮನೆ. ನಾಗಭೂಷಣಯ್ಯನವರು ಅಲ್ಲಿ ರೇಡಿಯೋ ರೂಪಕ ಕಟ್ಟುವುದನ್ನು ಕಲಿಸುತ್ತಿದ್ದರು. ಇತಿಹಾಸ, ವಿಜ್ಞಾನ, ಸಮಾಜ, ವಿಷಯ ಯಾವುದೇ ಇರಲಿ, ನಿಯಮ ಒಂದೇ. ನಡೆಯದೆ ಇದ್ದದ್ದು ಕೇಳಿಸಬಾರದು.

ಒಂದು ಪದ್ಧತಿಯೂ ಇತ್ತು. ಸಂದರ್ಶನ ಮುಗಿದ ಮೇಲೆ ಎಲ್ಲರೂ ಎದ್ದು ಹೊರಗೆ ಹೋಗಬೇಕು. ಧ್ವನಿಮುದ್ರಣ ಯಂತ್ರ ಮಾತ್ರ ಸ್ವಲ್ಪ ಹೊತ್ತು ಓಡುತ್ತಿರಬೇಕು. ಖಾಲಿ ಕೋಣೆಗೂ ತನ್ನದೊಂದು ಸದ್ದು ಇರುತ್ತದೆ. ಮಾತಿನ ನಡುವಿನ ಕೆಮ್ಮನ್ನು ಕತ್ತರಿಸಿ ತೆಗೆದಾಗ ಉಳಿಯುವ ಸೀಳನ್ನು ಆ ಸದ್ದಿನಿಂದ ಮುಚ್ಚುತ್ತಾರೆ. ಅದನ್ನು ಅವರು 'ಕೋಣೆಯ ಮೌನ' ಎಂದು ಕರೆಯುತ್ತಿದ್ದರು.

ಚಿದಂಬರ ಒಂದು ರೂಪಕ ಮಾಡಿದ್ದ. ಬಹಳ ಹಿಂದೆ ಒಂದು ಊರಿನ ಕೆರೆಯ ಏರಿ ಒಡೆದು ಕೆಳಗೇರಿ ಕೊಚ್ಚಿಹೋದ ಸಂಗತಿ ಅದರ ವಸ್ತು. ಅದಕ್ಕೆ ಪ್ರಶಸ್ತಿ ಬಂದಿತ್ತು.

ಓಬಳಪ್ಪನವರು ಆ ಕೆರೆಯ ನೀರಗಂಟಿಯಾಗಿದ್ದವರು; ರೂಪಕಕ್ಕಾಗಿ ಚಿದಂಬರ ಅವರನ್ನು ಸಂದರ್ಶಿಸಿದ್ದ. ತೂಬು ತೆಗೆಯುವುದು, ಮುಚ್ಚುವುದು, ಮಳೆಗಾಲದಲ್ಲಿ ಏರಿ ಕಾಯುವುದು ಅವರ ಕೆಲಸವಾಗಿತ್ತು. ಈಗ ವಯಸ್ಸಾಗಿದೆ. ಉಬ್ಬಸವಿದೆ. ಉಸಿರಾಡಿದರೆ ಎದೆಯಲ್ಲಿ ಸಿಳ್ಳೆಯಂತಹ ಸದ್ದು.

ಅವರು ಜಗಲಿಯ ಮೇಲೆ ಕುಳಿತರು. ಮಾರಕ್ಕ ಕುಳಿತುಕೊಳ್ಳಲಿಲ್ಲ.

"ನಮ್ಮಪ್ಪ ಚಾದಂಗಡಿಗೆ ಹೋಗೋದು ಬಿಟ್ಟವ್ನೆ, ಸ್ವಾಮಿ."

"ಏಕಮ್ಮ?"

"ಹುಡುಗ್ರು ಆಟ ಕಟ್ಟವ್ರೆ. ಒಬ್ಬ 'ಸಕ್ರೆ ಹಾಕ್ಲಾ?' ಅಂತಾನೆ. ಇನ್ನೊಬ್ಬ ಬಾಯಿ ಮುಚ್ಕಂಡು ಸೂರು ನೋಡ್ತಾನೆ. ನೋಡೀ ನೋಡೀ, ಕೊನೀಗೆ 'ಹಾಕು' ಅಂತಾನೆ. ಎಲ್ರೂ ಬಿದ್ದು ಬಿದ್ದು ನಗ್ತಾರೆ. ಓಬಳಪ್ಪನ ಉತ್ರ ಅಂತ ಅದುಕ್ಕೆ ಹೆಸ್ರು ಬೇರೆ."

ಅವಳು ಚಿದಂಬರನ ಕಡೆ ತಿರುಗಿದಳು.

"ಇನಾಮು ನಿಮ್ಗೆ ಬಂತು. ನಗಾಟ ನಮ್ಮನೀಗೆ ಬಂತು."

ಚಿದಂಬರ ತಲೆ ತಗ್ಗಿಸಿದ.

ಗುರುಗಳಿಗೆ ರೂಪಕದ ಆ ಭಾಗ ನೆನಪಿತ್ತು. 'ಏರಿ ಒಡೆದ ರಾತ್ರಿ ನೀವು ಏರಿಯ ಮೇಲೆ ಇದ್ದಿರಾ?' ಇದು ಚಿದಂಬರನ ಪ್ರಶ್ನೆ. ಅದರ ನಂತರ ದೀರ್ಘ ಮೌನ. ಆಮೇಲೆ ಓಬಳಪ್ಪನವರ ಧ್ವನಿ: 'ಇದ್ದೆ.' ಕೇಳಿದವರೆಲ್ಲರೂ ಒಂದೇ ತೀರ್ಮಾನಕ್ಕೆ ಬಂದಿದ್ದರು. ಈ ಮನುಷ್ಯ ಅಲ್ಲಿ ಇರಲಿಲ್ಲ.

ಓಬಳಪ್ಪನವರು ಕೈಯೆತ್ತಿ ಮಗಳನ್ನು ತಡೆದರು.

"ಹುಡುಗ್ರು ಮಾತು ಬಿಡು. ಸ್ವಾಮಿ, ನಾನು ಬೇರೇನೇ ಕೇಳಾಕ್ ಬಂದೀನಿ."

"ಕೇಳಿ."

"ಆವತ್ತು ನಾನು ಏರಿ ಮೇಲೇ ಇದ್ದೆ. ಲಾಟೀನು ಹಿಡ್ಕಂಡು ಕೆಳಗೇರಿ ತನ್ಕ ಕೂಗ್ತಾ ಓಡ್ದೆ. ನನ್ಗೆ ಹಂಗೇ ಗ್ಯಾಪ್ಕ. ಆದ್ರೆ ರೇಡಿಯೋದಾಗೆ ನಾನೇ ಅಷ್ಟೊತ್ತು ಸುಮ್ಗಿದ್ದೀನಿ. ಇದ್ದೋನು ಇದ್ದೆ ಅನ್ನಾಕೆ ಅಷ್ಟು ಯಾಕೆ ಯೋಚ್ನೆ ಮಾಡ್ತಾನೆ?"

ಅವರು ಉಸಿರು ಎಳೆದುಕೊಂಡರು.

"ಈಗ ನನ್ಗೇ ಅನುಮಾನ ಬಂದೈತೆ. ನಾನು ಇದ್ನಾ? ಇರ್ಲಿಲ್ವಾ?"

ಮಾರಕ್ಕ ಹೊಳೆಯ ಕಡೆ ಮುಖ ತಿರುಗಿಸಿದಳು.

ಗುರುಗಳು ಅವರ ಎದೆಯ ಸಿಳ್ಳೆಯನ್ನು ಕೇಳುತ್ತ ಕುಳಿತರು. ನಂತರ ಎದ್ದರು.

"ಚಿದಂಬರ, ಒಳಗೆ ಬಾ."

ಒಳಕೋಣೆಯ ಬಾಗಿಲು ಹಾಕಿದರು.

"ಆ ಭಾಗ ಕೇಳಿಸು."

ಕೇಳಿಸಿದ.

"ಮತ್ತೊಮ್ಮೆ."

ಕೇಳಿಸಿದ.

"ಪ್ರಶ್ನೆಯ ಮೊದಲು ಅವರ ಉಸಿರು ಕೇಳಿಸುತ್ತದೆ."

"ಹೌದು, ಗುರುಗಳೇ."

"ಉತ್ತರದ ನಂತರವೂ ಕೇಳಿಸುತ್ತದೆ."

"ಹೌದು."

"ನಡುವೆ ಕೇಳಿಸುವುದಿಲ್ಲ. ಅಷ್ಟು ಹೊತ್ತು ಅವರು ಉಸಿರಾಡುವುದನ್ನು ನಿಲ್ಲಿಸಿದ್ದರೇ?"

ಚಿದಂಬರನ ಬೆರಳು ಯಂತ್ರದ ಗುಂಡಿಯ ಮೇಲೆಯೇ ಉಳಿಯಿತು.

"ಅದು ಯಾರ ಮೌನ?"

"ಕೋಣೆಯದು."

"ಆಗ ಕೋಣೆಯಲ್ಲಿ ಯಾರಿದ್ದರು?"

"ಯಾರೂ ಇರಲಿಲ್ಲ. ಸಂದರ್ಶನ ಮುಗಿದಿತ್ತು."

"ಅದನ್ನು ತಂದು ಇಲ್ಲಿ ಏಕೆ ಇಟ್ಟೆ?"

"ಉತ್ತರ ಬೇಗ ಬಂದಿತ್ತು, ಗುರುಗಳೇ. ಪ್ರಶ್ನೆ ಮುಗಿಯುವುದಕ್ಕೂ ಅವಕಾಶ ಕೊಡದಂತೆ ಬಂದಿತ್ತು. ಆ ರಾತ್ರಿಯ ಭಾರ ಕೇಳುಗರಿಗೆ ತಲುಪಬೇಕು ಎಂದುಕೊಂಡೆ. ಒಂದೇ ಒಂದು ಪದವನ್ನೂ ನಾನು ಸೇರಿಸಲಿಲ್ಲ. ತೆಗೆಯಲೂ ಇಲ್ಲ."

"ಭಾರ ತಲುಪಿದೆ. ಹೊತ್ತವರು ಜಗಲಿಯ ಮೇಲೆ ಕುಳಿತಿದ್ದಾರೆ."

ಚಿದಂಬರನ ಕಿವಿಗಳು ಕೆಂಪಾದವು.

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಒರೆಸಬೇಕಾದ ಧೂಳು ಅದರಲ್ಲಿ ಇರಲಿಲ್ಲ.

"ಪ್ರಸಾರಕ್ಕೆ ಮೊದಲು ನೀನು ಇದನ್ನು ನನಗೆ ಕೇಳಿಸಿದ್ದೆ. ಆ ಜಾಗ ಚೆನ್ನಾಗಿದೆ ಎಂದು ನಾನೇ ಹೇಳಿದೆ. ಉಸಿರಿಲ್ಲದ್ದು ನನ್ನ ಕಿವಿಗೆ ಬೀಳಲಿಲ್ಲ."

"ತಪ್ಪು ನನ್ನದು, ಗುರುಗಳೇ."

"ನಿನ್ನದು ನಿನಗಿರಲಿ. ನನ್ನದನ್ನು ನೀನು ಹೊರಬೇಡ."

"ಈಗಲೇ ಹೋಗಿ ಅವರ ಕಾಲು ಹಿಡಿಯುತ್ತೇನೆ."

"ಕಾಲು ಹಿಡಿದದ್ದು ರೇಡಿಯೋದಲ್ಲಿ ಕೇಳಿಸುತ್ತದೆಯೇ?"

ಚಿದಂಬರ ಬಾಗಿಲ ಕಡೆಗೆ ಇಟ್ಟಿದ್ದ ಹೆಜ್ಜೆಯನ್ನು ಹಿಂತೆಗೆದ.

"ಯಂತ್ರವನ್ನು ಹೊರಗೆ ತಾ. ಎರಡು ಕುರ್ಚಿ ಹಾಕು."

ಜಗಲಿಯಲ್ಲಿ ಎದುರುಬದುರಾಗಿ ಎರಡು ಕುರ್ಚಿಗಳನ್ನು ಹಾಕಿದ. ಮೈಕನ್ನು ಒಂದು ಕುರ್ಚಿಯ ಮುಂದೆ ನಿಲ್ಲಿಸಿ, ಓಬಳಪ್ಪನವರನ್ನು ಅಲ್ಲಿಗೆ ಕರೆದ.

"ಅದು ನಿನ್ನ ಕುರ್ಚಿ," ಎಂದರು ಗುರುಗಳು. "ಇಂದು ಉತ್ತರ ಹೇಳುವವನು ನೀನು. ಓಬಳಪ್ಪನವರೇ, ನೀವು ಈ ಕಡೆ ಕುಳಿತು ಪ್ರಶ್ನೆ ಕೇಳಿ."

"ನಾನಾ? ನಾನು ತೂಬಿನೋನು, ಸ್ವಾಮಿ. ನನ್ಗೇನು ಪ್ರಶ್ನೆ ಬತ್ತೈತೆ?"

"ನನ್ನನ್ನು ಕೇಳಬೇಕೆಂದು ಬಂದದ್ದನ್ನು ಇವನನ್ನು ಕೇಳಿ."

ಗುರುಗಳೇ ಯಂತ್ರದ ಗುಂಡಿ ಒತ್ತಿದರು.

ಓಬಳಪ್ಪನವರು ಹೆಗಲ ಮೇಲಿನ ಟವಲಿನಿಂದ ಬಾಯಿ ಒರೆಸಿಕೊಂಡರು. ಮೈಕನ್ನು ನೋಡಿದರು. ಆಮೇಲೆ ಚಿದಂಬರನ ಮುಖವನ್ನು ನೋಡಿದರು.

"ಅಷ್ಟೊತ್ತು ಸುಮ್ಗಿದ್ದೋನು ನಾನೇನಪ್ಪಾ?"

ಚಿದಂಬರ ಬಾಯಿ ತೆರೆದ. ಮಾತು ಬರಲಿಲ್ಲ.

ಪ್ರಶಸ್ತಿ ಕೊಟ್ಟವರು ಆ ಮೌನವನ್ನೇ ಎತ್ತಿ ಹೊಗಳಿದ್ದರು. ವೇದಿಕೆಯ ಮೇಲೆ ನಿಂತು ಅವನು ಅದಕ್ಕೆ ಕೈಮುಗಿದಿದ್ದ.

ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು ನೀರಿನ ಮೇಲೆ ಬಂತು. ಓಬಳಪ್ಪನವರ ಎದೆಯ ಸಿಳ್ಳೆ ಏರಿತು, ಇಳಿಯಿತು. ಮತ್ತೆ ಏರಿತು. ಅವರು ಕಣ್ಣು ಕದಲಿಸಲಿಲ್ಲ. ಮಾರಕ್ಕ ಮೆಲ್ಲನೆ ಮೆಟ್ಟಿಲ ಮೇಲೆ ಕುಳಿತಳು.

"ಅಲ್ಲ," ಎಂದ ಚಿದಂಬರ ಕೊನೆಗೆ. "ನೀವಲ್ಲ. ನೀವು ಕೂಡಲೇ ಹೇಳಿದಿರಿ. ನನ್ನ ಪ್ರಶ್ನೆ ಮುಗಿಯುವ ಮೊದಲೇ 'ಇದ್ದೆ' ಎಂದಿರಿ. ಆ ಮೌನವನ್ನು ನಾನು ಸೇರಿಸಿದೆ. ನೀವು ಎದ್ದು ಹೋದ ಮೇಲೆ ಖಾಲಿ ಕೋಣೆಯಲ್ಲಿ ಮುದ್ರಿಸಿಕೊಂಡ ಮೌನ ಅದು."

"ಮುಗಿಯೋಕ್ ಮೊದ್ಲೇ ಅಂದ್ನಾ?"

"ಮೊದಲೇ ಅಂದಿರಿ."

ಓಬಳಪ್ಪನವರು ಮಗಳ ಕಡೆ ತಿರುಗಿದರು.

"ಕೇಳಿದ್ಯೇನೇ? ಇದ್ದೆ ಕಣೇ ನಾನು!"

"ಇರ್ಲಿಲ್ಲ ಅಂತ ನಾನು ಯಾವತ್ತು ಅಂದಿದ್ದೆ, ಅಪ್ಪಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಮುದುಕರು ಟವಲನ್ನು ಬಿಚ್ಚಿ, ಕೊಡವಿ, ತಲೆಗೆ ಬಿಗಿಯಾಗಿ ಸುತ್ತಿಕೊಂಡರು.

"ನಡಿ. ಹೋಗ್ತಾ ಚಾದಂಗಡೀಲಿ ಕುಂತ್ಕಂಡು ಹೋಗಾಣ."

ಗುರುಗಳು ಕೈಮುಗಿದರು. ಮೆಟ್ಟಿಲಿಳಿದು, ದಾರಿಯ ತಿರುವಿನವರೆಗೆ ಅವರ ಜೊತೆ ನಡೆದು, ಹಿಂದಿರುಗಿದರು.

ಚಿದಂಬರ ಇನ್ನೂ ಅದೇ ಕುರ್ಚಿಯಲ್ಲಿ ಕುಳಿತಿದ್ದ.

"ಇದನ್ನು ಇಂದೇ ಪ್ರಸಾರಕ್ಕೆ ಕಳುಹಿಸುತ್ತೇನೆ, ಗುರುಗಳೇ. ಪ್ರಶಸ್ತಿಯನ್ನೂ ಹಿಂದಿರುಗಿಸುತ್ತೇನೆ."

"ಸರಿ."

"ಅವರ ಪ್ರಶ್ನೆ, ನನ್ನ ಉತ್ತರ, ಎರಡೂ ಸ್ಪಷ್ಟವಾಗಿ ಬಂದಿವೆ. ನಡುವೆ ಇರುವ ಆ ಖಾಲಿ ಜಾಗವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿ..."

"ಅದು ಖಾಲಿ ಜಾಗವಲ್ಲ. ಅಲ್ಲಿ ನೀನಿದ್ದೀಯೆ. ಒಂದು ಕ್ಷಣವನ್ನೂ ಕತ್ತರಿಸಬೇಡ."