ಮಳೆಗಾಲದಲ್ಲಿ ಕಡಲು ಹೊದೆಯುವ ಕೆಂಪು ಕಂಬಳಿ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರದ ಕಾಲ ಅದು. ಆಗ ಕಡಲು ವರ್ಷಪೂರ್ತಿ ಗಾಜಿನ ಹಾಗೆ ತಿಳಿಯಾಗಿತ್ತು. ಕಡಲಿಗೆ ರಜೆ ಇರಲಿಲ್ಲ. ಮೀನುಗಾರ ದೂಮಣ್ಣನಿಗೂ ಇರಲಿಲ್ಲ.

ದೂಮಣ್ಣನೆಂದರೆ ಸಾಮಾನ್ಯನೇ? ಅವನು ಬಲೆ ಬೀಸಿದರೆ ಮೋಡಗಳೂ ಸಿಕ್ಕಿಬೀಳುತ್ತಿದ್ದವು. ಎಳೆದೂ ಎಳೆದೂ ಅವನ ಕೈಗಳು ಮೊಣಕಾಲಿನವರೆಗೆ ಉದ್ದವಾಗಿದ್ದವು. ನಂಬಿಕೆ ಬಾರದಿದ್ದರೆ ಕಡಲನ್ನೇ ಕೇಳಿ, ಅದು ಎಲ್ಲಿಗೂ ಹೋಗಿಲ್ಲ.

ಅಂಥವನ ಬಲೆಯೂ ಒಂದು ದಿನ ಖಾಲಿ ಬಂತು. ಮರುದಿನವೂ ಖಾಲಿ. ಮಕ್ಕಳು ಬರೀ ಗಂಜಿ ಕುಡಿದು ಮಲಗಿದರು.

"ಬೂತಾಯಿ ಮೀನುಗಳೆಲ್ಲ ಎಲ್ಲಿ ಹೋದವಪ್ಪಾ?" ದೋಣಿಯಂಚಿಗೆ ಒರಗಿ ದೂಮಣ್ಣ ಕೇಳಿದ.

ಕಡಲಾಮೆ ತಲೆ ಎತ್ತಿತು. "ನಿನ್ನ ಹೊಟ್ಟೆಗೇ ಹೋದವು ಮಾರಾಯ! ನಾನು ತಳದವರೆಗೂ ಮುಳುಗಿ ನೋಡ್ತೇನೆ. ಮೊಟ್ಟೆ ಇಡುವ ಮೊದಲೇ ತಾಯಿಮೀನುಗಳನ್ನು ಎಳೆದುಬಿಟ್ಟರೆ ಮರಿ ಎಲ್ಲಿಂದ ಬರಬೇಕು? ಇನ್ನು ಕೆಲವೇ ತಾಯಂದಿರು ಉಳಿದಿದ್ದಾರೆ."

"ಅವರು ಮೊಟ್ಟೆ ಇಡುವುದು ಯಾವಾಗ?"

"ನೀರಿನಡಿ ಕುಳಿತವರಿಗೆ ಕಾಲ ಹೇಗೆ ತಿಳಿಯುತ್ತೆ?"

ದೂಮಣ್ಣ ತಲೆ ಕೆರೆದುಕೊಂಡ. "ಪಡುಗಾಳಿ ಎದ್ದು, ಗುಡುಗು ಕೇಳಿದ ಮೇಲೆ ಬರುವ ಮೀನಿನ ಹೊಟ್ಟೆ ಉಬ್ಬಿರುತ್ತೆ ಅಂತ ನನ್ನಜ್ಜಿ ಹೇಳ್ತಿದ್ದಳು. ಅಯ್ಯೋ, ಭಾರೀ ರುಚಿ ಅಂತ ಅದನ್ನೇ ಹುಡುಕಿ ಹುಡುಕಿ ತಿಂದೆವಲ್ಲ!"

"ಹಾಗಾದರೆ ಅದೇ ಕಾಲ!" ಎಂದಿತು ಆಮೆ. "ಗಾಳಿಯ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ ನೋಡು."

ಇಬ್ಬರೂ ಸೇರಿ ಕಡಲನ್ನು ಕೂಗಿದರು. "ಅಮ್ಮಾ, ಗುಡುಗಿದ ಮೇಲೆ ಆ ತಾಯಂದಿರನ್ನು ಬಚ್ಚಿಡು."

ಕಡಲು ಆಕಳಿಸಿತು. "ನನ್ನ ಮೈಯೇ ಗಾಜು. ಎಲ್ಲಿ ಬಚ್ಚಿಡಲಿ? ನನಗೂ ಸುಸ್ತು ಮಗಾ. ಹೊದ್ದು ಮಲಗೋಣವೆಂದರೆ ಒಂದು ಕಂಬಳಿಯೂ ಇಲ್ಲ."

"ಕೆಂಪು ಮಣ್ಣಾದೀತಾ? ಗುಡ್ಡದಿಂದ ತರ್ತೇನೆ," ಎಂದಿತು ಪಕ್ಕದಲ್ಲೇ ಕಡಲು ಸೇರುತ್ತಿದ್ದ ಹೊಳೆ.

"ತಾ. ಆದರೆ ಹೊದ್ದ ಮೇಲೆ ಯಾರೂ ಎಬ್ಬಿಸಬಾರದು."

ದೂಮಣ್ಣ ಮನೆಯ ಕಡೆ ನೋಡಿದ. ಮಳೆ ಮುಗಿಯುವವರೆಗೆ ಗಂಜಿ, ಉಪ್ಪಿನಕಾಯಿ, ಒಣಮೀನಿನ ಚೂರು. ಆಗಲಿ ಎಂದು ನಿಟ್ಟುಸಿರು ಬಿಟ್ಟ. ಗುಡುಗು ಕೇಳಿದ್ದೇ, ಹೊಳೆ ತಂದ ಕೆಂಪು ಮಣ್ಣನ್ನು ಕಡಲು ಹೊದ್ದು ಮಲಗಿತು. ಅವನೂ ದೋಣಿಯನ್ನು ಮರಳಿಗೆಳೆದು ಕವುಚಿಹಾಕಿ, ಅದರಡಿಯೇ ಉರುಳಿಕೊಂಡ. ಹುಟ್ಟಿದಾಗಿನಿಂದ ಬಾಕಿಯಿದ್ದ ನಿದ್ದೆ! ಅವನ ಗೊರಕೆಗೆ ಬಾಗಿದ ತೆಂಗಿನಮರಗಳು ಇನ್ನೂ ನೆಟ್ಟಗಾಗಿಲ್ಲ.

ಎಚ್ಚರವಾದಾಗ ಕಡಲು ಮತ್ತೆ ತಿಳಿಯಾಗಿತ್ತು. ನೀರಿನ ತುಂಬ ಬೆರಳುದ್ದದ ಬೂತಾಯಿಮರಿಗಳು ಮಿಂಚುತ್ತಿದ್ದವು.

ಅದಕ್ಕೇ ಮಕ್ಕಳೇ, ಮಳೆಗಾಲದಲ್ಲಿ ನೀವು ದಡಕ್ಕೆ ಹೋದರೆ ದೋಣಿಗಳು ಮರಳಿನ ಮೇಲೆ ಕವುಚಿ ಮಲಗಿರುತ್ತವೆ, ದಣಿದ ಕಡಲು ಕೆಂಪು ಕಂಬಳಿ ಹೊದ್ದು, ನರಳುತ್ತಾ ಮಗ್ಗುಲು ಬದಲಿಸುತ್ತಿರುತ್ತದೆ.