ಒಂದೇ ಕೈಯ ಕರೆಯಾಳುಗಳು

ಒಂದಾನೊಂದು ರಾಜ್ಯವಿತ್ತು ಮಕ್ಕಳೇ. ಎಲ್ಲಿತ್ತು ಅಂತೀರಾ? ಒಂದು ಎಮ್ಮೆಯ ಚರ್ಮದ ಒಳಗೆ! ನಗಬೇಡಿ, ಇತ್ತು. ಆ ರಾಜ್ಯದ ನಡುವೆ ರಕ್ತದ ಹೊಳೆ ಹರಿಯುತ್ತಿತ್ತು. ಹೊಳೆಯ ದಂಡೆಯಲ್ಲಿ ಬಿಳಿಯಪ್ಪನೆಂಬ ಸೈನಿಕ ಮಲಗಿರುತ್ತಿದ್ದ. ಕಳ್ಳರು ನುಗ್ಗಿದರೆ ನುಂಗಿ ಹಾಕುವುದು ಅವನ ಕೆಲಸ. ಆದರೆ ಅವನದು ಹಾಳು ನಿದ್ದೆ. ಯಾರಾದರೂ ಎದೆಯ ಮೇಲೆ ಅಂಗೈಯಿಂದ ತಟ್ಟಿದರೆ ಮಾತ್ರ ಏಳುತ್ತಿದ್ದ.

ಹಾಗೆ ತಟ್ಟಿ ಕರೆಯುವುದಕ್ಕೆಂದೇ ಕರೆಯಾಳುಗಳಿದ್ದರು. ಸಾಸಿವೆ ಕಾಳೂ ಅವರ ಮುಂದೆ ಬೆಟ್ಟ, ಅಷ್ಟು ಸಣ್ಣವರು. ಅವರಲ್ಲೊಬ್ಬಳು ಚಿಟಕಿ, ಅವಳ ಜೊತೆಗಾತಿ ಮಿಟಕಿ. ಹೊಳೆಯಲ್ಲಿ ಕೊಚ್ಚಿಹೋಗಬಾರದೆಂದು ಇಬ್ಬಿಬ್ಬರು ಕೈ ಹಿಡಿದು ದಂಡೆಗೆ ಅಂಟಿಕೊಂಡು ನಿಲ್ಲುವುದು ಅವರ ರೂಢಿ. ಎಲ್ಲಾದರೂ ಗಾಯವಾಯಿತೋ, ಕೈ ಬಿಡಿಸಿಕೊಂಡು ಓಡಿ ಬಿಳಿಯಪ್ಪನನ್ನು ತಟ್ಟುತ್ತಿದ್ದರು.

ಒಂದು ದಿನ ಎಮ್ಮೆಯ ಕಿವಿಗೆ ಉಣ್ಣಿ ಹತ್ತಿತು. ತನ್ನ ಬಳಗವನ್ನೂ ಕರೆತಂದಿತ್ತು. ಅದು ಹೊರಗೇ ಕೂತು, ತನ್ನ ಜೊಲ್ಲನ್ನೇ ದೂತನನ್ನಾಗಿ ಮಾಡಿ ಒಳಗೆ ಕಳಿಸಿತು. ಜೊಲ್ಲಪ್ಪ ಬಂದವನೇ ಚಿಟಕಿಯ ಮುಂದೆ ಹಲ್ಲು ಕಿರಿದ.

"ಆಹಾ, ಏನು ಜೋಡಿ! ಇಂಥಾ ಒಗ್ಗಟ್ಟು ನಾನೆಲ್ಲೂ ಕಾಣೆ ಕಣವ್ವಾ. ಈ ಕೈ ಯಾವತ್ತೂ ಬಿಡಬಾರದು. ಒಂಚೂರು ಅಂಟು ಹಚ್ಚಲಾ?"

ಹೊಗಳಿಕೆಗೆ ಚಿಟಕಿ ಉಬ್ಬಿಹೋದಳು. "ಹಚ್ಚಣ್ಣಾ, ಅದಕ್ಕೇನು!" ಎಂದಳು. ಅವಳನ್ನು ನೋಡಿ ಉಳಿದವರು ನಮಗೂ, ನಮಗೂ ಎಂದು ಮುಗಿಬಿದ್ದರು. ದಂಡೆಯುದ್ದಕ್ಕೂ ಎಲ್ಲ ಜೋಡಿಗಳಿಗೂ ಅಂಟು ಬಿತ್ತು.

ಆಗ ಶುರುವಾಯಿತು ನೋಡಿ, ಉಣ್ಣಿಗಳ ಊಟ! ಹೊಳೆ ಗುಟುಕು ಗುಟುಕಾಗಿ ಬತ್ತತೊಡಗಿತು. ಚಿಟಕಿ ಮಿಟಕಿಯನ್ನು ಎಳೆದುಕೊಂಡೇ ಬಿಳಿಯಪ್ಪನ ಹತ್ತಿರ ಓಡಿದಳು. ತಲೆಯಿಂದ ಗುದ್ದಿದಳು, ಏಳಲಿಲ್ಲ. ಕಾಲಿಂದ ಒದ್ದಳು, ಏಳಲಿಲ್ಲ. ಕಿವಿಯಲ್ಲಿ ಅರಚಿದಳು. ಅವನು ಮಗ್ಗುಲು ಬದಲಿಸಿ ಗೊರಕೆ ಹೊಡೆದ.

ತಟ್ಟಬೇಕು. ಕೈಯೆಲ್ಲಿ? ಚಿಟಕಿ ಹುಟ್ಟಿದ ಮೇಲೆ ಮೊದಲ ಸಲ ತನ್ನ ಮೈಯನ್ನು ತಾನು ನೋಡಿಕೊಂಡಳು. ತಲೆಯಿಂದ ಕಾಲಿನವರೆಗೂ ಹುಡುಕಿದಳು. ಅಯ್ಯಯ್ಯೋ, ಇರುವುದು ಒಂದೇ ಕೈ! ಜೊತೆಯವಳನ್ನು ಹಿಡಿಯುವುದೂ ಅದೇ, ಸೈನಿಕನನ್ನು ತಟ್ಟುವುದೂ ಅದೇ. ಇಷ್ಟು ದಿನ ಹಿಡಿದು, ಬಿಟ್ಟು, ತಟ್ಟಿ ಬದುಕಿದವಳಿಗೆ ಇದು ಗೊತ್ತೇ ಇರಲಿಲ್ಲವಲ್ಲ!

"ಚಿಟಕೀ, ರಾಜ್ಯಾನೇ ಕಳ್ಳನ ಕೈಗೆ ಕೊಟ್ಬಿಟ್ವಲ್ಲೇ!" ಎಂದಳು ಮಿಟಕಿ. ಹೊರಗೆ ಎಮ್ಮೆ ಕುಸಿದು ಬಿತ್ತು. ಒಳಗೆ ನೆಲವೆಲ್ಲ ಅದುರಿತು.

ಅಷ್ಟರಲ್ಲಿ ಗಾಯದ ಅಂಚಿನಲ್ಲಿ ಹೊಸ ಕರೆಯಾಳುಗಳು ಹುಟ್ಟಿ ಬಂದರು. ಜೊಲ್ಲಪ್ಪ ಆಗಲೇ ಅವರತ್ತ ಹೊರಟಿದ್ದ. ಚಿಟಕಿ ಅವನಿಗಿಂತ ಮೊದಲು ಓಡಿ, "ಕೈ ಹಿಡೀಬೇಡ್ರೇ! ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿ. ಕೈ ಮಡಿಲಲ್ಲಿ ಬಚ್ಚಿಡಿ" ಎಂದು ಪಿಸುಗುಟ್ಟಿದಳು. ಆಮೇಲೆ ಜೋರಾಗಿ ಕರೆದಳು: "ಅಣ್ಣಾ, ಈ ಹುಡುಗೀರಿಗೂ ಹಚ್ಚು ಬಾ. ಗಟ್ಟಿಯಾಗಿ ಹಚ್ಚು!"

ಜೋಡಿ ಕಂಡರೆ ಸಾಕು, ಜೊಲ್ಲಪ್ಪ ಬೇರೇನೂ ನೋಡುವವನಲ್ಲ. ಬೆನ್ನು ಬೆನ್ನಿಗೇ ಅಂಟು ಬಳಿದು ಮುಂದೆ ಹೋದ. ಅವನು ಅತ್ತ ತಿರುಗಿದ್ದೇ ತಡ, ಮಡಿಲಿನಿಂದ ಕೈಗಳು ಹೊರಬಂದವು! ಹುಡುಗಿಯರು ಬಿದ್ದೂ ಎದ್ದೂ ಓಡಿ ಬಿಳಿಯಪ್ಪನ ಎದೆಯನ್ನು ದಬದಬ ತಟ್ಟಿದರು.

"ಯಾವನೋ ಅವನು!" ಬಿಳಿಯಪ್ಪ ದಡಕ್ಕನೆ ಎದ್ದ. ಜೊಲ್ಲಪ್ಪನನ್ನು ಗುಳುಂ ಮಾಡಿದ. ಅವನ ಕೂಗಿಗೆ ಎದ್ದ ಸೈನಿಕರ ದಂಡು ಅವನ ಹಿಂದೆ ಕಿವಿಯತ್ತ ನುಗ್ಗಿತು. ಎಮ್ಮೆಯ ಕಿವಿ ಕೆಂಪಗೆ ಊದಿ ಒಂದೇ ಸಮನೆ ತುರಿಸಿತು. ಎಮ್ಮೆ ತಡೆಯಲಾರದೆ ಹೇಗೋ ಎದ್ದು ಗೋಡೆಗೆ ಕಿವಿ ತಿಕ್ಕಿತು. ಉಣ್ಣಿಗಳು ಪಟಪಟ ಉದುರಿ ಗೊರಸಿನಡಿ ಸಿಕ್ಕಿ ಸತ್ತವು.

ರಾಜ್ಯವೇನೋ ಉಳಿಯಿತು ಮಕ್ಕಳೇ. ಆದರೆ ಚಿಟಕಿ ಮಿಟಕಿಯರ ಕೈ ಕೊನೆಗೂ ಬಿಡಲಿಲ್ಲ. ಮುಂದೆ ಎಷ್ಟೋ ಗಾಯಗಳಾದವು. ಹೊಸಬರು ಓಡುವಾಗ ಅವರಿಬ್ಬರೂ ದಂಡೆಯಲ್ಲಿ ನಿಂತು ನೋಡಬೇಕಾಯಿತು. ಅದಕ್ಕೇ ಹೇಳುತ್ತೇನೆ, ನಿಮ್ಮ ಒಗ್ಗಟ್ಟನ್ನು ಹೊಗಳುತ್ತಾ ಯಾರಾದರೂ ಕೈ ಕಟ್ಟಲು ಬಂದರೆ ಒಪ್ಪಬೇಡಿ. ಜೊತೆಯವರ ಕೈ ಹಿಡಿಯಿರಿ, ಕೆಲಸ ಕರೆದಾಗ ಬಿಡಿಸಿಕೊಳ್ಳುವಷ್ಟು ಸಡಿಲವಾಗಿ ಹಿಡಿಯಿರಿ.