ಎಲ್ಲಾ ಸೇರಿದೆ, ಬೋರಲಿಂಗನೂ ಸೇರಿ

ಪೆದ್ದನಿಲ್ಲದ ಊರೊಂದಿದ್ರೆ ತೋರಿಸ್ರಪ್ಪಾ, ನಾಳೆಯೇ ಗಂಟುಮೂಟೆ ಕಟ್ಕೊಂಡು ಅಲ್ಲಿಗೆ ಹೋಗಿಬಿಡ್ತೀನಿ. ಇಲ್ಲ ಬಿಡಿ, ಹೋಗಲ್ಲ. ಅಂಥ ಊರಲ್ಲಿ ಹೊತ್ತು ಹೋಗೋದಾದ್ರೂ ಹೆಂಗೆ?

ನಮ್ಮ ಕಿಕ್ಕೇರಿ ಕಡೆ ಒಬ್ಬ ಇದ್ದ, ಬೋರಲಿಂಗ ಅಂತ. ಆರಡಿ ಆಳು, ಲಕ್ಷಣವಾದ ಮುಖ, ಬೆಣ್ಣೆಯಂಥ ಮನಸ್ಸು. ತಲೆಯೊಳಗಿನ ಕೆಲಸ ಮಾತ್ರ ದೇವರು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗಿದ್ದ. ಅವನ ತಾಯಿ ಚಿಕ್ಕತಾಯಮ್ಮನದು ಕಡ್ಲೆಪುರಿ ಅಂಗಡಿ. ಒಂದಿನ ಸಂತೆಗೆ ಹೊರಟೋಳು, "ಲೋ, ಅಂಗಡಿ ಮೇಲೆ ಒಂದು ಕಣ್ಣಿಟ್ಟಿರು" ಅಂದು ಹೋದ್ಲು. ಸಾಯಂಕಾಲ ಬಂದು ನೋಡ್ತಾಳೆ, ಮಗ ಎಡಗಣ್ಣನ್ನ ಅಂಗೈಲಿ ಮುಚ್ಕೊಂಡು, ಬಲಗಣ್ಣೊಂದನ್ನೇ ಬಿಟ್ಕೊಂಡು ಅಂಗಡೀನ ನೋಡ್ತಾ ಕೂತವನೆ! ಪಕ್ಕದಲ್ಲೇ ಹಸು ಪುರಿ ಮೂಟೆಗೆ ಬಾಯಿ ಹಾಕಿದೆ!

"ಓಡಿಸಬಾರದೇನ್ಲಾ ಅದನ್ನ?"

"ಕಣ್ಣಿಡು ಅಂದೆ, ಕೈ ಎತ್ತು ಅನ್ನಲಿಲ್ಲವಲ್ಲವ್ವಾ!"

"ಅಯ್ಯೋ ಪೆದ್ದು ಮುಂಡೇದೇ!" ಅಂತ ಚಿಕ್ಕತಾಯಮ್ಮ ಹಣೆ ಹಣೆ ಚಚ್ಕೊಂಡ್ಲು.

ಇಂಥವನಿಗೂ ಹೆಣ್ಣು ಸಿಕ್ತು ಅಂದ್ರೆ ನಂಬ್ತೀರಾ? ಸಿಕ್ತು ಕಣ್ರಪ್ಪಾ! ಹೆಣ್ಣು ನೋಡೋಕೆ ಅರಸೀಕೆರೆಗೆ ಹೋದಾಗ "ಅಲ್ಲಿ ಬಾಯಿ ಬಿಡಬೇಡ" ಅಂದಿದ್ಲು ತಾಯಿ. ಅವನು ಬಿಡಲೇ ಇಲ್ಲ. ಉಪ್ಪಿಟ್ಟು ತಂದು ಮುಂದಿಟ್ಟಾಗಲೂ ಬಿಡಲಿಲ್ಲ. "ಹುಡುಗ ಎಷ್ಟು ಗಂಭೀರ!" ಅಂತ ಹೆಣ್ಣಿನ ಕಡೆಯವರು ಒಪ್ಪಿಬಿಟ್ರು.

ಹೆಣ್ಣಿನ ಹೆಸರು ಇಂದ್ರಾಣಿ. ಚೂಟಿ ಅಂದ್ರೆ ಚೂಟಿ. ಧಾರೆ ಮುಗೀತಿದ್ದಂಗೆ ಚಿಕ್ಕತಾಯಮ್ಮ ಮಗನ ಕಿವೀಲಿ, "ಇವತ್ತಿಂದ ನೀನು ನನ್ನವನಲ್ಲ ಕಣ್ಲಾ, ಅವಳ ಸೊತ್ತು" ಅಂದ್ಲು. ಬೋರಲಿಂಗ ತಲೆ ಆಡಿಸಿದ. ಈ ಮಾತನ್ನ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ಅವನೂ ಇಟ್ಕೊಂಡಿದ್ದ.

ಗಂಭೀರದ ಒಳಗೇನಿದೆ ಅಂತ ಇಂದ್ರಾಣಿಗೆ ಎಂಟೇ ದಿನಕ್ಕೆ ಗೊತ್ತಾಯ್ತು. ಅವಳ ಅಣ್ಣನಿಗೆ ತಿಂಗಳಿಗೆ ಗೊತ್ತಾಯ್ತು. "ಇಂಥವನ ಜೊತೆ ಬಾಳ್ವೆ ಮಾಡೋದುಂಟೇನಮ್ಮಾ? ಬಂದುಬಿಡು" ಅಂತ ದಿನಾ ಫೋನು. ಹೋಗೋಕೂ ಮನಸ್ಸಿಲ್ಲ, ಇರೋಕೂ ಮನಸ್ಸಿಲ್ಲ ಅವಳಿಗೆ.

ಅಷ್ಟರಲ್ಲಿ ಮದುವೆ ಸೀರೆ ತಗೊಂಡ ಅಂಗಡಿಯ ಲಕ್ಕಿ ಡ್ರಾದಲ್ಲಿ ಇಂದ್ರಾಣಿ ಹೆಸರಿನ ಚೀಟಿ ಎದ್ದುಬಿಡ್ತು. ಉಡುಪಿಯಿಂದಾಚೆ ಸಮುದ್ರದ ದಂಡೇಲಿ ಭಾರೀ ರೆಸಾರ್ಟು. ಗಂಡ ಹೆಂಡತಿ ಮೂರು ದಿನ ಇರಬಹುದು. ಊಟ, ತಿಂಡಿ, ಆಟ, ಎಲ್ಲಾ ಬಿಟ್ಟಿ!

ಇಂದ್ರಾಣಿ ಮುಚ್ಚುಮರೆ ಮಾಡಲಿಲ್ಲ. "ಅತ್ತೇ, ಮೂರು ದಿನ ಇವರ ಜೊತೆ ಇದ್ದು ನೋಡ್ತೀನಿ. ವಾಪಸ್ಸು ಬರುವಾಗ ಹಾಸನದ ಬಸ್ ಸ್ಟ್ಯಾಂಡಲ್ಲಿ ಇಳೀತೀವಲ್ಲ, ಅಲ್ಲಿ ಮನಸ್ಸು ಏನನ್ನುತ್ತೋ ಆ ಬಸ್ಸು ಹತ್ತೀನಿ. ಒಂದು ಕಿಕ್ಕೇರಿ ಬಸ್ಸು, ಇನ್ನೊಂದು ಅರಸೀಕೆರೆ ಬಸ್ಸು" ಅಂದ್ಲು.

ಚಿಕ್ಕತಾಯಮ್ಮ ಮಗನ್ನ ಮೂಲೆಗೆಳೆದು, "ಲೋ ಮಗನೇ, ಅಲ್ಲಿಯೋರು ಏನು ಹೇಳ್ತಾರೋ ಹಂಗೇ ಕೇಳು. ಇವಳು ಮನೆಗೆ ಬರೋದು ಬಿಡೋದು ನಿನ್ನ ಕೈಲೈತೆ!" ಅಂದ್ಲು.

ರೆಸಾರ್ಟಿಗೆ ಬಂದ್ರು. ಬಾಗಿಲಲ್ಲೇ ಆರತಿ, ಎಳನೀರು. ಅಲ್ಲಿಯ ಹುಡುಗಿ ಇಬ್ಬರ ಮಣಿಕಟ್ಟಿಗೂ ನೀಲಿ ಪಟ್ಟಿ ಕಟ್ಟಿದ್ಲು, ಎರಡು ಬ್ಯಾಗಿಗೂ ನೀಲಿ ಪಟ್ಟಿ ಕಟ್ಟಿದ್ಲು. ನಾಲ್ಕರ ಮೇಲೂ ಒಂದೇ ಬರಹ: ಇಂದ್ರಾಣಿ, ೯.

"ಬುಕ್ಕಿಂಗ್ ಮೇಡಂ ಹೆಸರಲ್ಲಿದೆ ಸರ್. ಈ ಪಟ್ಟಿ ಇದ್ರೆ ಊಟ, ಆಟ ಎಲ್ಲಾ ಸೇರಿದೆ ಅಂತ ಲೆಕ್ಕ, ಬೇರೆ ದುಡ್ಡು ಕೊಡೋ ಹಂಗಿಲ್ಲ. ಒಂಬತ್ತನೇ ಕಾಟೇಜು ನಿಮ್ಮದು. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ!"

ಕಾಟೇಜಿಗೆ ಕಾಲಿಟ್ಟ ಇಂದ್ರಾಣಿ ಹಂಗೇ ನಿಂತುಬಿಟ್ಲು. ಬಚ್ಚಲುಮನೆಯೇ ಅತ್ತೆಯ ಅಂಗಡಿಗಿಂತ ದೊಡ್ಡದು! ಹಾಸಿಗೆ ಮೇಲೆ ಟವೆಲಲ್ಲೇ ಮಾಡಿದ ಜೋಡಿ ಹಂಸ! ಬಾಗಿಲು ತೆಗೆದ್ರೆ ಗೋಡೆಯಿಲ್ಲ, ಬೇಲಿಯಿಲ್ಲ, ಸಮುದ್ರ ಸೀದಾ ಅಂಗಳಕ್ಕೇ ಬಂದು ನಿಂತಿದೆ. ಅವಳು ಹುಟ್ಟಿದ ಮೇಲೆ ಇಂಥ ಚೆಂದ ನೋಡಿರಲಿಲ್ಲ.

ಮನೆ ಅಂತ ತಿಳ್ಕೊಳ್ಳಿ ಅಂದ್ರಲ್ಲ? ಬೋರಲಿಂಗ ತಿಳ್ಕೊಂಡ. ಬೆಳಿಗ್ಗೆ ಐದಕ್ಕೇ ಎದ್ದ. ಪೊರಕೆ ಹುಡುಕಿ ತಂದ. ತನ್ನ ಕಾಟೇಜಿನ ಮುಂದೆ ಗುಡಿಸಿದ, ಪಕ್ಕದ್ದರ ಮುಂದೆ ಗುಡಿಸಿದ, ಅಲ್ಲಿದ್ದ ಹನ್ನೆರಡೂ ಕಾಟೇಜಿನ ಮುಂದೆ ಗುಡಿಸಿ ನೀರು ಚಿಮುಕಿಸಿದ. ಅಷ್ಟೊತ್ತಿಗೆ ಬೆಳಕು ಹರೀತು. ಶುರು ಮಾಡಿದ ನೋಡಿ, ಒಂದೊಂದು ಬಾಗಿಲನ್ನೂ ದಬದಬ ಬಡಿಯೋಕೆ!

"ಏಳ್ರಪ್ಪಾ, ಏಳ್ರವ್ವಾ! ಹೊತ್ತು ಹುಟ್ಟಿದ ಮೇಲೂ ಮಲಗಿದ್ರೆ ಮನೇಲಿ ಲಕ್ಷ್ಮಿ ನಿಲ್ತಾಳಾ?"

ಎದ್ರು. ಒಬ್ಬರು ಚಡ್ಡೀಲಿ, ಒಬ್ಬರು ರಗ್ಗು ಹೊದ್ದು, ಎಲ್ಲರೂ ಕೆಂಡ ಕಾರ್ಕೊಂಡು. ಬೈಯೋಕೆ ಬಾಯಿ ತೆಗೀಬೇಕು, ದಾವಣಗೆರೆಯ ಒಬ್ಬರು ತಿರುಗಿ ನೋಡಿದ್ರು. ದಂಡೇಲಿ ಮೂವತ್ತು ನಲವತ್ತು ಜನ ಮೀನುಗಾರರು ಹೋ ಅಂತ ಹಾಡ್ತಾ ಬಲೆ ಎಳೀತಿದ್ರು, ಬಲೆ ತುಂಬ ಬೆಳ್ಳಿಯಂಥ ಮೀನು ಕುಣೀತಿತ್ತು. "ನಾಲ್ಕು ವರ್ಷದಿಂದ ಬರ್ತಿದೀನ್ರೀ, ಒಂದಿನನೂ ಇದನ್ನ ನೋಡಿರಲಿಲ್ಲ" ಅಂದ್ರು ಅವರು. ಬೈಗುಳ ಅಲ್ಲಿಗೇ ನಿಂತಿತು.

ಮ್ಯಾನೇಜರು ಮಾತ್ರ ಓಡಿ ಬಂದ. "ಇವರು ಯಾರ ಕಡೆಯವರು?"

ಇಂದ್ರಾಣಿ ಅಲೆ ಎಣಿಸೋಳ ಹಂಗೆ ಸಮುದ್ರದ ಕಡೆ ಮುಖ ತಿರುಗಿಸ್ಕೊಂಡ್ಲು.

ಆಮೇಲೆ ಅತ್ತೆಗೆ ಫೋನು ಹಚ್ಚಿ, ನಡೆದದ್ದು ಹೇಳಿ, ಗಂಡನ ಕೈಗೆ ಕೊಟ್ಲು. "ಅಯ್ಯೋ ಪೆದ್ದು ಮುಂಡೇದೇ! ಅದು ಮನೆಯಲ್ಲ ಕಣ್ಲಾ, ನೀನಲ್ಲಿ ನೆಂಟ! ನೆಂಟ ಎಲ್ಲಾದ್ರೂ ಕಸ ಗುಡಿಸ್ತಾನಾ? ಕೂರಿಸಿದ ಕಡೆ ಕೂರಬೇಕು. ಬಡಿಸೋಕೆ ಬಂದ್ರೆ ಮೂರು ಸಲ ಬೇಡ ಅನ್ಬೇಕು. ಹಂಗಿರು!"

"ಸರಿ ಕಣವ್ವಾ" ಅಂದ.

ಮಧ್ಯಾಹ್ನ ಊಟದ ಮನೆಗೆ ಹೋದ್ರು. ಅಬ್ಬಬ್ಬಾ, ಅದೇನು ಊಟ ಅಂತೀರಿ! ನೀರುದೋಸೆ ಒಂದು ಕಡೆ, ಮೀನಿನ ಸಾರು ಒಂದು ಕಡೆ, ಹೆಸರೇ ಗೊತ್ತಿಲ್ಲದ ಪಲ್ಯಗಳು ಹದಿನೈದು, ಪಾಯಸವೇ ನಾಲ್ಕು ಥರ! ಎಲ್ಲರೂ ತಟ್ಟೆ ಹಿಡ್ಕೊಂಡು ತಾವೇ ಹಾಕ್ಕೊಳ್ತಿದ್ರು. ಇಂದ್ರಾಣಿಯೂ ಹಾಕ್ಕೊಂಡ್ಲು. ಬೋರಲಿಂಗ ಕೈಕಟ್ಟಿ ಕೂತೇ ಇದ್ದ.

ಸಪ್ಲೈಯರ್ ಬಂದ. "ಸರ್, ಊಟ?"

"ಬೇಡಿ, ಬೇಡಿ. ಈಗಷ್ಟೇ ಆಯ್ತು."

ಹೊಟ್ಟೆ ಗುರ್ ಅಂತಿದೆ, ಬಾಯಿ ಬೇಡ ಅಂತಿದೆ! ಸಪ್ಲೈಯರ್ ಇನ್ನೊಂದು ಸಲ ಕೇಳಿದ. "ಸಾಕು, ಸಾಕು." ಖಾಲಿ ತಟ್ಟೆಗೆ ಅಡ್ಡ ಕೈ ಹಿಡಿದು ಸಾಕು ಅಂತಾನೆ! ಜನ ತಿರುಗಿ ತಿರುಗಿ ನೋಡೋಕೆ ಶುರು ಮಾಡಿದ್ರು. ಒಳಗಿಂದ ದೊಡ್ಡ ಅಡಿಗೆಯವನು, ಶೇಖರ ಪೂಜಾರಿ, ಸೌಟು ಹಿಡ್ಕೊಂಡೇ ಬಂದ.

"ಎಂತ ಮಾರಾಯ್ರೇ, ನಮ್ಮ ಅಡಿಗೆ ನಿಮಗೆ ಆಗುದಿಲ್ವಾ?"

"ಬೇಡಿ, ಪರವಾಗಿಲ್ಲ."

"ಹಾಗೆ ಹೇಳಿದ್ರೆ ಹೇಗೆ? ಒಂದು ತುತ್ತಾದ್ರೂ ತಿನ್ನಬೇಕು. ಇಲ್ಲಾಂದ್ರೆ ನಂಗೆ ಬೇಜಾರಾಗ್ತದೆ!"

ಮೂರು ಸಲ ಬೇಡ ಅಂದಾಗಿತ್ತು. ಬೋರಲಿಂಗ ತಟ್ಟೆ ಮುಂದೆ ಚಾಚಿದ. ಪೂಜಾರಿ ಬಡಿಸಿದ, ಇವನು ತಿಂದ. ಬಡಿಸಿದ, ತಿಂದ. "ಇನ್ನೊಂದು ದೋಸೆ, ನನ್ನಾಣೆ!" ಅಂತಾನೆ ಪೂಜಾರಿ, ಇವನು ಬೇಡ ಬೇಡ ಅಂತಲೇ ತಿಂತಾನೆ. ಹನ್ನೊಂದು ದೋಸೆ! ಪೂಜಾರಿ ಕಣ್ಣೊರೆಸ್ಕೊಂಡು ಹೇಳಿದ, "ಹತ್ತು ವರ್ಷ ಆಯ್ತು ಮಾರಾಯ್ರೇ, ಇಲ್ಲಿ ಬೇಯಿಸಿಡುದೇ ಕೆಲಸ. ಒಬ್ಬರಿಗೂ ಒತ್ತಾಯ ಮಾಡಿ ಬಡಿಸದೆ ಕೈ ಬತ್ತಿಹೋಗಿತ್ತು."

ಪಕ್ಕದ ಟೇಬಲಿನ ಹೆಂಗಸು ಇಂದ್ರಾಣಿ ಕಡೆ ಬಗ್ಗಿ, "ನಿಮ್ಮ ಯಜಮಾನ್ರಾ?" ಅಂದ್ಲು.

ಇಂದ್ರಾಣಿಗೆ ಮುಖ ಕೆಂಪಾಯ್ತು. "ಅಲ್ಲ... ನಮ್ಮೂರಿನವರು" ಅಂದುಬಿಟ್ಲು. ಅಂದ ಮೇಲೆ ನೀರುದೋಸೆ ತಟ್ಟೆ ಪಕ್ಕಕ್ಕೆ ತಳ್ಳಿದ್ಲು.

ಮತ್ತೆ ಅತ್ತೆಗೆ ಫೋನು ಹಚ್ಚಿದ್ಲು, ಹೇಳಿದ್ಲು. ಈ ಸಲ ಫೋನನ್ನ ಗಂಡನ ಕೈಗೆ ತುರುಕಿ ಸಮುದ್ರದ ಕಡೆ ನಡೆದೇಬಿಟ್ಲು. ಅತ್ತೆ ಏನಂದ್ಲು ಅಂತ ಕೇಳಿಸ್ಕೊಳ್ಳಲಿಲ್ಲ. ಅಲ್ಲೇ ಎಡವಟ್ಟಾದದ್ದು.

"ಅಯ್ಯೋ ಪೆದ್ದು ಮುಂಡೇದೇ! ಎಲ್ಲಾ ಸೇರಿದೆ ಅಂತ ಹೇಳಿದ ಮೇಲೆ ಬೇಡ ಅಂತಾರೇನ್ಲಾ? ಇನ್ಮೇಲೆ ಯಾರು ಏನೇ ಕೇಳಲಿ, ಹೂಂ ಅನ್ನು. ಯಾವುದಕ್ಕೂ ಇಲ್ಲ ಅನ್ಬೇಡ. ತಿಳೀತಾ?"

"ಹೂಂ" ಅಂದ.

ಮಾರನೇ ದಿನವೆಲ್ಲ ಹೂಂ. "ಸರ್, ಮೈಗೆ ಎಣ್ಣೆ ತಿಕ್ಕಲಾ?" "ಹೂಂ." "ಮುಖಕ್ಕೆ ಮಣ್ಣು ಮೆತ್ತಲಾ?" "ಹೂಂ." "ಕಣ್ಣಿನ ಮೇಲೆ ಸೌತೆಕಾಯಿ ಇಡಲಾ?" "ಹೂಂ." ದಾವಣಗೆರೆಯವರು, "ತಮ್ಮಾ, ಚಪ್ಪಲಿ ನೋಡ್ಕೋತೀಯಾ?" "ಹೂಂ." ಮುಖದ ತುಂಬ ಹಸಿರು ಮಣ್ಣು, ಕೈ ತುಂಬ ಚಪ್ಪಲಿ! ಸಾಯಂಕಾಲ ಮರಳ ಮೇಲೆ ವಾಲಿಬಾಲು. "ನಮ್ಮ ಕಡೆ ಆಡ್ತೀರಾ?" "ಹೂಂ." ಆಚೆಯವರು, "ನಮ್ಮ ಕಡೆ ಬರ್ತೀರಾ?" "ಹೂಂ."

ಆಡಿದ ನೋಡಿ! ಈಚೆಯಿಂದ ಚೆಂಡು ಹೊಡೀತಾನೆ, ನೆಟ್ಟಿನ ಕೆಳಗೆ ನುಸುಳಿ ಓಡ್ತಾನೆ, ಆಚೆಯಿಂದ ತಾನೇ ವಾಪಸ್ಸು ಹೊಡೀತಾನೆ! ಉಳಿದ ಹತ್ತು ಜನ ಆಟ ಬಿಟ್ಟು ಚಪ್ಪಾಳೆಗೆ ನಿಂತ್ರು. ಚೆಂಡು ಒಂದ್ಸಲನೂ ನೆಲಕ್ಕೆ ಬೀಳಲಿಲ್ಲ, ಯಾರೂ ಸೋಲಲಿಲ್ಲ. "ಎಂಥಾ ಆಳು ಕಣ್ರೀ!" ಅಂತ ಎಲ್ಲರ ಬಾಯಲ್ಲೂ ಅದೇ. ಇಂದ್ರಾಣಿ ಮರಳಲ್ಲಿ ಕೂತು ಹೊಟ್ಟೆ ಹಿಡ್ಕೊಂಡು ನಕ್ಕಳು. ಮದುವೆಯಾದ ಮೇಲೆ ಅವಳು ಹಂಗೆ ನಕ್ಕಿದ್ದು ಅದೇ ಮೊದಲು. ಈ ಮನುಷ್ಯನಲ್ಲಿ ಒಂದು ಚೂರು ಕೊಳಕಿಲ್ಲವಲ್ಲಪ್ಪಾ ಅಂತ ಅನ್ನಿಸ್ತು ಅವಳಿಗೆ.

ಸೂರ್ಯ ನೀರಿಗಿಳಿಯೋ ಹೊತ್ತು. ಪಕ್ಕದಲ್ಲಿ ಬಂದು ಕೂತ ಗಂಡನನ್ನ ಕೇಳೇಬಿಟ್ಲು. ಬೇಡ ಅಂತ ಒಂದು ಮಾತು ಅಂದ್ರೆ ಸಾಕು, ಉಳಿದುಬಿಡೋಣ ಅಂತಲೇ ಕೇಳಿದ್ಲು.

"ರೀ, ನಾನು ಅರಸೀಕೆರೆಗೆ ಹೋಗಿಬಿಡ್ಲಾ?"

"ಹೂಂ" ಅಂದ ಬೋರಲಿಂಗ.

"ವಾಪಸ್ಸು ಬರದಿದ್ರೂ ಪರವಾಗಿಲ್ವಾ?"

"ಹೂಂ."

"ಅಷ್ಟೇನಾ?"

"ಹೂಂ."

ಅವನ ಕಣ್ಣಿಂದ ನೀರು ಇಳೀತಿತ್ತು. ಮುಖದಲ್ಲಿ ಇನ್ನೂ ತೊಳೀದೆ ಉಳಿದಿದ್ದ ಹಸಿರು ಮಣ್ಣಲ್ಲಿ ಅದು ಕಾಣಿಸಲಿಲ್ಲ. ಅವನು ಯಾಕೆ ಹೂಂ ಅಂದ ಅಂತ ನನಗೆ ಗೊತ್ತು, ನಿಮಗೆ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ! ಇಂದ್ರಾಣಿ ಸೆರಗು ಕೊಡವಿಕೊಂಡು ಎದ್ದು ಹೋಗಿ ಅಣ್ಣನಿಗೆ ಫೋನು ಮಾಡಿದ್ಲು. "ನಾಳೆ ಬರ್ತೀನಿ" ಅಂದ್ಲು.

ಬೋರಲಿಂಗ ತಾಯಿಗೆ ಹೇಳಿದಾಗ ಅವಳು ಬೈಯಲೂ ಇಲ್ಲ. "ಅದಕ್ಕೂ ಹೂಂ ಅಂದ್ಯೇನ್ಲಾ, ಪೆದ್ದು ಮುಂಡೇದೇ..." ಅಂತ ಅತ್ತುಬಿಟ್ಲು. ಆಮೇಲೆ ಮೂಗೊರೆಸ್ಕೊಂಡು ಹೇಳಿದ್ಲು, "ಇನ್ನೇನು ಹೇಳ್ಲಿ? ಮರ್ಯಾದೆಯಿಂದ ಕಳಿಸು. ಅವಳ ಸೊತ್ತು ಏನೇನೈತೋ ಎಲ್ಲಾ ಅವಳ ಬಸ್ಸಿಗೆ ಹಾಕು. ಒಂದೂ ನಮ್ಮ ಹತ್ರ ಉಳೀಬಾರದು."

"ಸರಿ ಕಣವ್ವಾ" ಅಂದ.

ಮಾರನೇ ದಿನ ಹಾಸನ. ಅರಸೀಕೆರೆ ಬಸ್ಸು ಹೊರಡೋಕೆ ನಿಂತಿತ್ತು. "ಬ್ಯಾಗು ಹಿಂದಿನ ಡಿಕ್ಕೀಲಿ ಹಾಕಿಬಿಡಿ" ಅಂದು ಇಂದ್ರಾಣಿ ಹತ್ತಿ ಕಿಟಕಿ ಪಕ್ಕ ಕೂತ್ಲು. ಹೋಗ್ತೀನಿ ಅಂತ ಹೇಳೋಕೆ ಕಿಟಕೀಲಿ ನೋಡ್ತಾಳೆ, ಗಂಡ ಇಲ್ಲ. ಆಚೆ ನೋಡಿದ್ಲು, ಇಲ್ಲ. ಒಂದು ಮಾತೂ ಆಡದೆ ಹೊರಟೇಹೋದ್ರಾ ಅಂತ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಕಂಡಕ್ಟರು ಆಲೂಗಡ್ಡೆ ಮೂಟೆ ಹಾಕೋಕೆ ಅಂತ ಡಿಕ್ಕಿ ತೆಗೆದ. "ಅಯ್ಯಯ್ಯಪ್ಪೋ!" ಅಂತ ಕಿರುಚಿದ. ಇಡೀ ಸ್ಟ್ಯಾಂಡೇ ತಿರುಗಿತು. ಎರಡು ಬ್ಯಾಗಿನ ನಡುವೆ ಆರಡಿ ಬೋರಲಿಂಗ ಮೂರಡಿಗೆ ಮಡಚ್ಕೊಂಡು ಮಲಗಿದ್ದ!

"ಏಯ್, ಏನ್ರೀ ಇದು? ಇಳೀರಿ!"

"ಇಳಿಯೋ ಹಂಗಿಲ್ಲ ಸ್ವಾಮಿ. ನಾನು ಲಗೇಜು." ಬೋರಲಿಂಗ ಕೈ ಹೊರಗೆ ಚಾಚಿದ. ಬ್ಯಾಗಿನ ಮೇಲೂ ನೀಲಿ ಪಟ್ಟಿ, ಮಣಿಕಟ್ಟಿನ ಮೇಲೂ ನೀಲಿ ಪಟ್ಟಿ. ಕಂಡಕ್ಟರು ಕನ್ನಡಕ ಏರಿಸಿ ಓದಿದ, ಬಸ್ಸಿನ ಕಡೆ ತಿರುಗಿ ಕೂಗಿದ: "ಯಾರಮ್ಮಾ ಇಂದ್ರಾಣಿ? ನಿಮ್ಮ ಲಗೇಜು ಮಾತಾಡ್ತಾ ಇದೆ! ಇದು ಯಾರ ಕಡೆಯದು?"

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಇಂದ್ರಾಣಿ ಓಡಿ ಬಂದ್ಲು.

"ರೀ, ಏನ್ರೀ ಇದು?"

"ನಿನ್ನ ಸೊತ್ತೆಲ್ಲ ನಿನ್ನ ಬಸ್ಸಿಗೇ ಹಾಕು ಅಂದ್ಲು ಅವ್ವ. ಧಾರೆ ದಿನ ನಾನೂ ನಿನ್ನ ಸೊತ್ತು ಅಂದಿದ್ಲಲ್ಲ. ಹಾಕ್ದೆ."

"ಮತ್ತೆ ಹೋಗ್ಲಾ ಅಂದ್ರೆ ಹೂಂ ಅಂದ್ರಲ್ಲ?"

"ಏನು ಕೇಳಿದ್ರೂ ಹೂಂ ಅನ್ನು ಅಂದಿದ್ಲು. ಅಳು ಬಂತು ಕಣೇ. ಬೇಡ ಅನ್ನೋ ಹಂಗಿರಲಿಲ್ಲ."

ಕಂಡಕ್ಟರು ಮತ್ತೆ ಕೂಗಿದ, "ಹೊತ್ತಾಯ್ತಮ್ಮಾ! ಯಾರದು ಇದು?"

"ನಂದು!" ಅಂದ್ಲು ಇಂದ್ರಾಣಿ. ಸ್ಟ್ಯಾಂಡಿಗೆಲ್ಲ ಕೇಳೋ ಹಂಗೆ ಅಂದ್ಲು. "ನಂದೇ ಕಣಣ್ಣಾ. ಹುಷಾರಾಗಿ ಇಳಿಸಿಕೊಡಿ. ನಾನು ಈ ಬಸ್ಸಿಗೆ ಬರಲ್ಲ."

ಕಿಕ್ಕೇರಿ ಬಸ್ಸು ಬಂತು. ಬೋರಲಿಂಗ ಸೀದಾ ಹಿಂದಕ್ಕೆ ಹೋಗಿ ಡಿಕ್ಕಿ ಬಾಗಿಲಿಗೆ ಕೈ ಹಾಕಿದ. ಇಂದ್ರಾಣಿ ನೀಲಿ ಪಟ್ಟಿ ಹಿಡಿದು ದರದರ ಎಳ್ಕೊಂಡು ಬಸ್ಸು ಹತ್ತಿಸಿದ್ಲು. ತಾನು ಸೀಟಲ್ಲಿ ಕೂತು, ಸೆರಗಲ್ಲಿ ಕಣ್ಣೊರೆಸ್ಕೊಂಡು ಪ್ರೀತಿಯಿಂದ ಅಂದ್ಲು, "ಬೆಲೆಬಾಳೋ ಸೊತ್ತನ್ನ ಯಾರಾದ್ರೂ ಡಿಕ್ಕೀಲಿ ಹಾಕ್ತಾರೇನ್ರೀ? ತೊಡೆ ಮೇಲಿಟ್ಕೊಂಡು ಹೋಗ್ತಾರೆ."

"ಸರಿ ಕಣೇ" ಅಂದ ಬೋರಲಿಂಗ. ಅಂದೋನೇ ತಿರುಗಿ, ಆರಡಿ ಆಳು, ಅಷ್ಟು ಜನರೆದುರು, ದೊಪ್ಪಂತ ಅವಳ ತೊಡೆ ಮೇಲೆ ಕೂತೇಬಿಟ್ಟ!

"ಅಯ್ಯೋ ಪೆದ್ದು ಮುಂಡೇದೇ!" ಅಂತ ಕಿರುಚಿದ್ಲು ಇಂದ್ರಾಣಿ. ಅತ್ತೆಯ ಮಾತು ಸೊಸೆಯ ಬಾಯಿಗೆ ಬಂತು ಅಂದ್ಮೇಲೆ ಆ ಮನೆಗೆ ಇನ್ನೇನು ಕೊರತೆ ಹೇಳಿ! ಅವರ ಬಸ್ಸು ಅತ್ಲಾಗೆ ಹೋಯ್ತು, ನನ್ನ ಕತೆ ಇತ್ಲಾಗೆ ಮುಗೀತು. ಏಳ್ರಪ್ಪಾ, ಅವರವರ ಸೊತ್ತು ಅವರವರು ನೋಡ್ಕೊಂಡು ಮನೆ ಸೇರ್ಕೊಳ್ಳಿ.